ರಕ್ತದಲ್ಲಿರುವ ‘ಅನಾಫಿಲಾಟಾಕ್ಸಿನ್’ ನಿಜಕ್ಕೂ ವಿಷವೇ? ಊತ, ಉರಿಯೂತ ಮತ್ತು ಒಂದು ತಪ್ಪು ಹೆಸರಿನ ಕಥೆ

ಓದುಗರು ಪರಿಶೀಲನೆಗೆಂದು ನಮಗೆ ಕಳಿಸುವ ಫಾರ್ವರ್ಡ್‌ಗಳಲ್ಲಿ ಒಂದು ಬಗೆಯವು ಪದೇ ಪದೇ ಬರುತ್ತವೆ. ಒಕ್ಕಣೆ ಅಷ್ಟಿಷ್ಟು ಬದಲಾಗಿರುತ್ತದೆ, ತಿರುಳು ಒಂದೇ. ‘ನಿಮ್ಮ ರಕ್ತದಲ್ಲಿ ಟಾಕ್ಸಿನ್ ತುಂಬಿಕೊಂಡಿದೆ. ಮಂಡಿನೋವು, ಮೈ ಊತ, ಸುಸ್ತು ಎಲ್ಲಕ್ಕೂ ಅದೇ ಮೂಲ. ಡಾಕ್ಟರು ಇದನ್ನು ಹೇಳುವುದಿಲ್ಲ. ಈ ಕಷಾಯ 7 ದಿನ ಖಾಲಿ ಹೊಟ್ಟೆಗೆ ಕುಡಿಯಿರಿ, ಉರಿಯೂತ ಬುಡಸಮೇತ ಹೋಗುತ್ತದೆ. ಹತ್ತು ಜನರಿಗೆ ಕಳಿಸಿ.’ ಈಚೆಗೆ ಇಂಥ ಸಂದೇಶಗಳಲ್ಲಿ ವಿಜ್ಞಾನದ ದೊಡ್ಡ ದೊಡ್ಡ ಪದಗಳೂ ಸೇರಿಕೊಳ್ಳುತ್ತಿವೆ. ಅಂಥದ್ದೊಂದು ಪದ ‘ಅನಾಫಿಲಾಟಾಕ್ಸಿನ್’. ಹೆಸರಿನಲ್ಲೇ ಟಾಕ್ಸಿನ್ ಇದೆಯಲ್ಲ, ಹೆದರಿಸುವುದಕ್ಕೆ ಇನ್ನೇನು ಬೇಕು?

ಮೊದಲೇ ಹೇಳಿಬಿಡುತ್ತೇವೆ. ಅನಾಫಿಲಾಟಾಕ್ಸಿನ್‌ಗಳು ನಿಜಕ್ಕೂ ಇವೆ, ನಿಮ್ಮ ರಕ್ತದಲ್ಲೂ ನಮ್ಮ ರಕ್ತದಲ್ಲೂ ಹುಟ್ಟುತ್ತವೆ. ಆದರೆ ಅವು ಹೊರಗಿನಿಂದ ಬಂದ ವಿಷವಲ್ಲ, ತೊಳೆದು ಹಾಕಬೇಕಾದ ಕೊಳೆಯೂ ಅಲ್ಲ. ದೇಹ ತಾನೇ ತಯಾರಿಸಿಕೊಳ್ಳುವ ಅಪಾಯದ ಗಂಟೆ ಅವು. ಗಂಟೆ ಬಾರಿಸದಿದ್ದರೆ ಸಣ್ಣ ಗಾಯವೂ ದೊಡ್ಡದಾದೀತು. ಊರಿನ ಗಂಟೆಗಳೆಲ್ಲ ಒಟ್ಟಿಗೆ ಬಾರಿಸತೊಡಗಿದರೆ ಜೀವಕ್ಕೇ ಕುತ್ತು ಬಂದೀತು. ಈ ಎರಡರ ವ್ಯತ್ಯಾಸ ಗೊತ್ತಿದ್ದರೆ ಯಾವ ಊತವನ್ನು ಅದರ ಪಾಡಿಗೆ ಬಿಡಬಹುದು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು ಎನ್ನುವುದೂ ತಿಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಮುಳ್ಳು ಚುಚ್ಚಿದ ಮೇಲೆ ಏನಾಗುತ್ತದೆ?

ಬರಿಗಾಲಿನಲ್ಲಿ ನಡೆಯುವಾಗ ಜಾಲಿ ಮುಳ್ಳು ಚುಚ್ಚಿತು ಎಂದುಕೊಳ್ಳಿ. ಮುಳ್ಳು ಕಿತ್ತು ಹಾಕಿ ಕೆಲಸ ಮುಂದುವರಿಸುತ್ತೀರಿ. ಸಂಜೆ ಹೊತ್ತಿಗೆ ಆ ಜಾಗ ಕೆಂಪಗಾಗಿ, ಬಿಸಿಯಾಗಿ, ಊದಿಕೊಂಡು, ಮುಟ್ಟಿದರೆ ನೋಯುತ್ತದೆ. ಕೆಂಪು, ಬಿಸಿ, ಊತ, ನೋವು: ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಬರೆದಿಟ್ಟಿದ್ದ. ಕಾರಣ ಮಾತ್ರ ಗೊತ್ತಿರಲಿಲ್ಲ. ಮುಳ್ಳೇ ಊತ ತರುತ್ತದೆ ಎಂದು ನಮಗೂ ಅನ್ನಿಸುತ್ತದೆ. ನಿಜವೆಂದರೆ ಊತ ತರುವುದು ಮುಳ್ಳಲ್ಲ, ಅದರ ಜೊತೆ ಒಳಹೊಕ್ಕ ಬ್ಯಾಕ್ಟೀರಿಯಾ ಮತ್ತು ಹರಿದ ಅಂಗಾಂಶಕ್ಕೆ ನಮ್ಮದೇ ದೇಹ ಕೊಡುವ ಉತ್ತರ.

ಆ ಉತ್ತರದ ಮೊದಲ ಸಾಲಿನಲ್ಲಿ ನಿಲ್ಲುವ ಪ್ರೊಟೀನುಗಳ ಪಡೆಗೆ ‘ಕಾಂಪ್ಲಿಮೆಂಟ್’ ಎಂದು ಹೆಸರು. ಯಾರನ್ನೋ ಹೊಗಳುವಾಗ ಹೇಳುವ ಕಾಂಪ್ಲಿಮೆಂಟ್ ಅಲ್ಲ ಇದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಅರ್ಥ ಬೇರೆ. ಇಲ್ಲಿ ‘ಪೂರಕ’ ಎಂದು ತಿಳಿಯಿರಿ. 1890ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಬೆಲ್ಜಿಯಂನ ಜೂಲ್ ಬೋರ್ಡೆ ಒಂದು ವಿಚಿತ್ರ ಗಮನಿಸಿದರು. ರೋಗನಿರೋಧಕತೆ ಪಡೆದ ಪ್ರಾಣಿಯ ತಾಜಾ ರಕ್ತಸಾರ, ಅಂದರೆ ಸೀರಮ್, ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿತ್ತು. ಅದನ್ನು ಸುಮಾರು 56 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕೊಲ್ಲುವ ಶಕ್ತಿ ಹೋಗುತ್ತಿತ್ತು. ಆ ರೋಗವನ್ನೇ ಕಂಡಿರದ ಬೇರೆ ಪ್ರಾಣಿಯ ತಾಜಾ ಸೀರಮ್ ಸ್ವಲ್ಪ ಬೆರೆಸಿದರೆ ಶಕ್ತಿ ಮರಳಿ ಬರುತ್ತಿತ್ತು. ಅಂದರೆ ಆಂಟಿಬಾಡಿಯ ಕೆಲಸವನ್ನು ಪೂರ್ತಿಗೊಳಿಸುವ ಇನ್ನೊಂದೇನೋ ಎಲ್ಲರ ರಕ್ತದಲ್ಲೂ ಇದೆ. ಅದಕ್ಕೆ ಕಾಂಪ್ಲಿಮೆಂಟ್ ಎಂಬ ಹೆಸರು ಕೊಟ್ಟವರು ಜರ್ಮನಿಯ ಪಾಲ್ ಅರ್ಲಿಕ್. ಬೋರ್ಡೆಗೆ 1919ರ ನೊಬೆಲ್ ಬಂತು.

ಆ ‘ಇನ್ನೊಂದೇನೋ’ ಒಂದಲ್ಲ, ಹತ್ತಾರು ಪ್ರೊಟೀನುಗಳು ಎಂದು ಆಮೇಲೆ ತಿಳಿಯಿತು. ಮುಖ್ಯವಾದವಕ್ಕೆ ಸಿ1ರಿಂದ ಸಿ9ರವರೆಗೆ ಅಂಕಿ ಕೊಟ್ಟರು. ಅಂಕಿ ಕೊಟ್ಟಿದ್ದು ಪತ್ತೆಯಾದ ಕ್ರಮದಲ್ಲಿ, ಕೆಲಸ ಮಾಡುವ ಕ್ರಮದಲ್ಲಲ್ಲ. ಹಾಗಾಗಿ ಆಂಟಿಬಾಡಿಯಿಂದ ಶುರುವಾಗುವ ಸರಪಳಿಯಲ್ಲಿ ಸಿ1 ಆದ ಮೇಲೆ ಸಿ4, ಆಮೇಲೆ ಸಿ2, ಆಮೇಲೆ ಸಿ3 ಬರುತ್ತದೆ. ಹಳೆ ಬಡಾವಣೆಗಳಲ್ಲಿ 14ನೇ ನಂಬರಿನ ಮನೆ ಪಕ್ಕ 52ನೇ ನಂಬರು ಇರುತ್ತದಲ್ಲ, ಹಾಗೆ. ವೈದ್ಯಕೀಯ ವಿದ್ಯಾರ್ಥಿಗಳು ಇದನ್ನು ಬಯ್ದುಕೊಂಡೇ ಬಾಯಿಪಾಠ ಮಾಡುತ್ತಾರೆ.

ನಮ್ಮ ಕಥೆಗೆ ಬೇಕಾದವು ಎರಡೇ, ಸಿ3 ಮತ್ತು ಸಿ5. ಸಿ3 ಬಹುಪಾಲು ಲಿವರಿನಲ್ಲಿ ತಯಾರಾಗುತ್ತದೆ. ಒಂದು ಲೀಟರ್ ರಕ್ತಸಾರದಲ್ಲಿ ಸುಮಾರು ಒಂದು ಗ್ರಾಂನಷ್ಟು ಇರುತ್ತದೆ. ಸುಮ್ಮನೆ ಸುತ್ತುತ್ತಿರುತ್ತದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಬ್ಯಾಕ್ಟೀರಿಯಾದ ಮೈ ಸಿಕ್ಕ ಕೂಡಲೇ ಕಿಣ್ವಗಳು ಅದನ್ನು ಎರಡು ತುಂಡು ಮಾಡುತ್ತವೆ. ದೊಡ್ಡ ತುಂಡು ಸಿ3ಬಿ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ‘ಇದನ್ನು ತಿನ್ನಿ’ ಎಂದು ಗುರುತು ಹಾಕುತ್ತದೆ. ಸಣ್ಣ ತುಂಡು ಸಿ3ಎ ಕಳಚಿಕೊಂಡು ಸುತ್ತಲಿನ ದ್ರವದಲ್ಲಿ ಹರಡುತ್ತದೆ. ಸಿ5ರದ್ದೂ ಇದೇ ಕಥೆ. ಅದರ ದೊಡ್ಡ ತುಂಡು ಬ್ಯಾಕ್ಟೀರಿಯಾದ ಪೊರೆಯಲ್ಲಿ ತೂತು ಕೊರೆಯುವ ಕೆಲಸಕ್ಕೆ ಅಡಿಪಾಯ ಹಾಕುತ್ತದೆ, ಸಣ್ಣ ತುಂಡು ಸಿ5ಎ ಹೊರಟುಹೋಗುತ್ತದೆ. ಮರ ಕಡಿಯುವಾಗ ಹಾರುವ ಚಕ್ಕೆಗಳಂತೆ ಕಾಣುವ ಈ ಸಿ3ಎ, ಸಿ5ಎಗಳೇ ಅನಾಫಿಲಾಟಾಕ್ಸಿನ್‌ಗಳು. ಸಿ3ಎಯಲ್ಲಿ 77 ಅಮೈನೊ ಆಮ್ಲಗಳ ಸರ, ಸಿ5ಎಯಲ್ಲಿ 74. ಪ್ರೊಟೀನುಗಳ ಲೋಕದಲ್ಲಿ ಇವು ಪುಟಾಣಿಗಳು. ಆದರೆ ಚಕ್ಕೆ ಎಂದು ಕಡೆಗಣಿಸುವಂತಿಲ್ಲ. ಇವುಗಳಲ್ಲಿ ಸಿ5ಎ ಹೆಚ್ಚು ಬಲಶಾಲಿ.

ಹೆಸರಿನಲ್ಲಿ ‘ಟಾಕ್ಸಿನ್’ ಬಂದದ್ದು ಹೇಗೆ?

ಇದು ಒಂದು ನಾಯಿಯಿಂದ ಶುರುವಾದ ಗೊಂದಲ. 20ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಗಳ ವಿಷದ ಮೇಲೆ ಪ್ರಯೋಗ ಮಾಡುತ್ತಿದ್ದರು. ನಾಯಿಗೆ ಸ್ವಲ್ಪ ವಿಷ ಕೊಟ್ಟರೆ ಅಭ್ಯಾಸವಾಗಿ ಮುಂದೆ ತಡೆದುಕೊಳ್ಳಬಹುದು ಎಂಬುದು ಅವರ ಲೆಕ್ಕ. ಆದದ್ದು ಉಲ್ಟಾ. ಮೊದಲ ಸಲ ಸುಧಾರಿಸಿಕೊಂಡಿದ್ದ ನಾಯಿ ಕೆಲವು ವಾರಗಳ ನಂತರ ಸಣ್ಣ ಪ್ರಮಾಣ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. ರಕ್ಷಣೆಗೆ ವಿರುದ್ಧ ಎಂಬ ಅರ್ಥದಲ್ಲಿ ಅವರು 1902ರಲ್ಲಿ ಇದನ್ನು ‘ಅನಾಫಿಲಾಕ್ಸಿಸ್’ ಎಂದು ಕರೆದರು. ರಿಶೆಗೆ 1913ರಲ್ಲಿ ನೊಬೆಲ್ ಸಿಕ್ಕಿತು. 1910ರಲ್ಲಿ ಜರ್ಮನಿಯ ಫ್ರೀಡ್‌ಬರ್ಗರ್ ಎಂಬ ವಿಜ್ಞಾನಿ ಆಂಟಿಬಾಡಿಯ ಗಂಟುಗಳನ್ನು ತಾಜಾ ಸೀರಮ್ಮಿನಲ್ಲಿ ಇಟ್ಟು, ಆ ಸೀರಮ್ಮನ್ನು ಗಿನಿಯಿಲಿಗಳಿಗೆ ಚುಚ್ಚಿದಾಗ ಅವು ಅನಾಫಿಲಾಕ್ಸಿಸ್ ಬಂದಂತೆ ಒದ್ದಾಡಿ ಸತ್ತವು. ಸೀರಮ್ಮಿನಲ್ಲಿ ಏನೋ ವಿಷ ಹುಟ್ಟಿದೆ ಎಂದುಕೊಂಡು ಅದಕ್ಕೆ ಅನಾಫಿಲಾಟಾಕ್ಸಿನ್ ಎಂದು ಹೆಸರಿಟ್ಟರು. ಆ ‘ವಿಷ’ ಕಾಂಪ್ಲಿಮೆಂಟಿನದೇ ತುಂಡು ಎಂದು ಗೊತ್ತಾದದ್ದು ಬಹಳ ವರ್ಷಗಳ ನಂತರ. ಅಷ್ಟರಲ್ಲಿ ಹೆಸರು ಗಟ್ಟಿಯಾಗಿತ್ತು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಕಡಲೆಕಾಯಿ, ಸಿಗಡಿ, ಜೇನುಹುಳದ ಕಡಿತ, ಯಾವುದೋ ಇಂಜೆಕ್ಷನ್‌ನಿಂದ ಕೆಲವರಿಗೆ ದಿಢೀರನೆ ಬರುವ ತೀವ್ರ ಅಲರ್ಜಿಯಲ್ಲಿ ಮುಖ್ಯ ಪಾತ್ರ ಸಾಮಾನ್ಯವಾಗಿ ಐಜಿಇ ಎಂಬ ಆಂಟಿಬಾಡಿಯದು, ಅನಾಫಿಲಾಟಾಕ್ಸಿನ್‌ಗಳದ್ದಲ್ಲ. ಎರಡೂ ದಾರಿಗಳು ಕೊನೆಗೆ ಮಾಸ್ಟ್ ಕೋಶ ಎಂಬ ಒಂದೇ ಜಂಕ್ಷನ್ನಿಗೆ ಬಂದು ಸೇರುತ್ತವೆ, ಅಷ್ಟೇ. ಮಾಸ್ಟ್ ಕೋಶದ ಹೊಟ್ಟೆ ತುಂಬ ಹಿಸ್ಟಮಿನ್ ತುಂಬಿದ ಪೊಟ್ಟಣಗಳಿರುತ್ತವೆ. ಯಾವ ದಾರಿಯಿಂದ ಕರೆ ಬಂದರೂ ಪೊಟ್ಟಣ ಒಡೆಯುತ್ತದೆ. ತುಟಿ, ನಾಲಿಗೆ ಊದಿ ಉಸಿರು ಕಟ್ಟತೊಡಗಿದರೆ ಯಾವ ದಾರಿ ಎಂದು ಯೋಚಿಸುವ ಹೊತ್ತಲ್ಲ ಅದು. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ನೇ ಮೊದಲ ಮದ್ದು. ಮನೆಯಲ್ಲಿ ಅರಿಶಿನ ಅರೆಯುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಂಟೆ ಸದ್ದು ಕೇಳಲು ಕಿವಿ ಬೇಕಲ್ಲ

ಸಿ3ಎ, ಸಿ5ಎ ಎಷ್ಟೇ ತೇಲಾಡಿದರೂ ಅವನ್ನು ಗುರುತಿಸುವವರು ಇಲ್ಲದಿದ್ದರೆ ಏನೂ ಆಗುವುದಿಲ್ಲ. ಗುರುತಿಸುವ ಕೆಲಸ ಕೋಶಗಳ ಹೊರಪೊರೆಯಲ್ಲಿ ಕುಳಿತ ಕೆಲವು ಪ್ರೊಟೀನುಗಳದ್ದು. ಇಂಗ್ಲಿಷಿನ ರಿಸೆಪ್ಟರ್‌ಗೆ ಕನ್ನಡದ ಪಠ್ಯಪುಸ್ತಕಗಳಲ್ಲಿ ‘ಗ್ರಾಹಕ’ ಎನ್ನುತ್ತಾರೆ. ಅಂಗಡಿಗೆ ಬರುವ ಗ್ರಾಹಕ ಎಂದುಕೊಂಡರೂ ದೊಡ್ಡ ತಪ್ಪೇನಿಲ್ಲ, ಅವನೂ ತನಗೆ ಬೇಕಾದ್ದನ್ನು ಮಾತ್ರ ತೆಗೆದುಕೊಳ್ಳುತ್ತಾನೆ. ಆದರೂ ಗೊಂದಲ ಬೇಡವೆಂದು ನಾವು ಇಲ್ಲಿ ರಿಸೆಪ್ಟರ್ ಎಂದೇ ಬರೆಯುತ್ತೇವೆ.

ಅನಾಫಿಲಾಟಾಕ್ಸಿನ್‌ಗಳಿಗೆ ಮೂರು ರಿಸೆಪ್ಟರ್‌ಗಳಿವೆ. ಸಿ3ಎಗೆ ಸಿ3ಎಆರ್. ಸಿ5ಎಗೆ ಸಿ5ಎಆರ್1 ಮತ್ತು ಸಿ5ಎಆರ್2. ಸಿ5ಎಆರ್1ರ ವಂಶವಾಹಿಯನ್ನು 1991ರಲ್ಲಿ, ಸಿ3ಎಆರ್‌ನದ್ದನ್ನು 1996ರಲ್ಲಿ, ಮೂರನೆಯದನ್ನು 2000ದ ಹೊತ್ತಿಗೆ ಗುರುತಿಸಲಾಯಿತು. ಮೂರೂ ಒಂದೇ ಅಚ್ಚಿನವು. ಬಟ್ಟೆಯಲ್ಲಿ ಸೂಜಿದಾರ ಒಳಹೊರಗೆ ಹೋದ ಹಾಗೆ ಇವುಗಳ ಪ್ರೊಟೀನ್ ಎಳೆ ಕೋಶದ ಪೊರೆಯನ್ನು ಏಳು ಬಾರಿ ದಾಟುತ್ತದೆ. ಈ ಏಳು ಹೊಲಿಗೆಯ ಕುಟುಂಬ ಬಹಳ ದೊಡ್ಡದು. ನೆಗಡಿಗೆ, ತುರಿಕೆಗೆ ನೀವು ನುಂಗುವ ಸೆಟ್ರಿಜಿನ್ ಕೆಲಸ ಮಾಡುವುದು ಇದೇ ಕುಟುಂಬದ ಹಿಸ್ಟಮಿನ್ ರಿಸೆಪ್ಟರಿನ ಮೇಲೆ. ಬಿಪಿಗೆ ಕೊಡುವ ಎಷ್ಟೋ ಮಾತ್ರೆಗಳೂ, ಮೇಲೆ ಹೇಳಿದ ಅಡ್ರಿನಲಿನ್ ಕೂಡ ಇದೇ ಕುಟುಂಬದ ಬೇರೆ ಬೇರೆ ಸದಸ್ಯರ ಮೇಲೆ ಕೆಲಸ ಮಾಡುತ್ತವೆ. ಈ ಕುಟುಂಬದ ಗುಟ್ಟು ಬಿಡಿಸಿದ್ದಕ್ಕೆ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ಮುಳ್ಳು ಚುಚ್ಚಿದ ಕಾಲಿಗೆ ಮರಳೋಣ. ಗಾಯದಲ್ಲಿ ಹುಟ್ಟಿದ ಸಿ5ಎ ಸುತ್ತಮುತ್ತ ಹರಡುತ್ತದೆ. ಗಾಯದ ಹತ್ತಿರ ದಟ್ಟ, ದೂರ ಹೋದಂತೆ ತೆಳು. ಮನೆಯಲ್ಲಿ ಒಗ್ಗರಣೆ ಹಾಕಿದರೆ ಬೀದಿಯ ತಿರುವಿನಲ್ಲೇ ವಾಸನೆ ಹಿಡಿದು ಅಡುಗೆಮನೆ ಹುಡುಕಬಹುದಲ್ಲ, ಹಾಗೆ ರಕ್ತದಲ್ಲಿ ಓಡಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮ ಸಿ5ಎಆರ್1ನಿಂದ ಈ ಜಾಡು ಹಿಡಿಯುತ್ತವೆ. ನಿಮ್ಮ ರಕ್ತಪರೀಕ್ಷೆಯ ವರದಿಯಲ್ಲಿ ನ್ಯೂಟ್ರೋಫಿಲ್ಸ್ ಎಂದು ಒಂದು ಸಾಲು ಇರುತ್ತದೆ, ಅವೇ ಇವು. ಅಷ್ಟರಲ್ಲಿ ಅಕ್ಕಪಕ್ಕದ ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿದು, ಸಣ್ಣ ರಕ್ತನಾಳಗಳು ಹಿಗ್ಗಿ, ಗೋಡೆ ಸಡಿಲವಾಗಿರುತ್ತದೆ. ರಕ್ತ ಹೆಚ್ಚು ಹರಿದು ಕೆಂಪು ಮತ್ತು ಬಿಸಿ. ನೀರು, ಪ್ರೊಟೀನ್ ಸೋರಿ ಊತ. ಆ ಸಡಿಲ ಸಂದಿನಲ್ಲೇ ನ್ಯೂಟ್ರೋಫಿಲ್‌ಗಳು ನುಸುಳಿ ಗಾಯ ತಲುಪುತ್ತವೆ. ಎರಡು ದಿನಕ್ಕೆ ಕಾಣುವ ಹಳದಿ ಕೀವಿನಲ್ಲಿ ಬಹುಪಾಲು ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ.

ಗಂಟೆ ನಿಲ್ಲಿಸುವ ವ್ಯವಸ್ಥೆಯೂ ದೇಹದಲ್ಲೇ ಇದೆ. ನಮಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ರಕ್ತದಲ್ಲಿ ಸದಾ ಇರುವ ಒಂದು ಕಿಣ್ವ ಸಿ3ಎಯ 77 ಮಣಿಗಳ ಸರದಿಂದ ಕೊನೆಯ ಒಂದೇ ಒಂದು ಮಣಿಯನ್ನು, ಅರ್ಜಿನಿನ್ ಎಂಬ ಅಮೈನೊ ಆಮ್ಲವನ್ನು, ಕತ್ತರಿಸಿ ಹಾಕುತ್ತದೆ. ಅಷ್ಟಕ್ಕೇ ಸಿ3ಎ ತನ್ನ ರಿಸೆಪ್ಟರ್‌ಗೆ ಕೂರದಂತಾಗುತ್ತದೆ. ಸಿ5ಎಗೂ ಹೀಗೇ ಕತ್ತರಿ ಬೀಳುತ್ತದೆ, ಅದರ ಶಕ್ತಿ ಪೂರ್ತಿ ಹೋಗದಿದ್ದರೂ ಬಹಳಷ್ಟು ಕುಂದುತ್ತದೆ. ಯಾಕೆ ಆ ಕೊನೆಯ ಮಣಿಗೆ ಇಷ್ಟು ಬೆಲೆ? ಈ ಪ್ರೊಟೀನುಗಳ ಬಾಲದ ತುದಿಯೇ ಕೀಲಿಯ ಹಲ್ಲಿನಂತೆ ರಿಸೆಪ್ಟರಿನ ಗುಳಿಯೊಳಗೆ ಇಳಿಯುತ್ತದೆ. ಈ ಕೂರುವಿಕೆಯನ್ನು ಪರಮಾಣು ಮಟ್ಟದಲ್ಲಿ ಚಿತ್ರ ತೆಗೆದು ತೋರಿಸಿದವರಲ್ಲಿ ನಮ್ಮ ದೇಶದವರೂ ಇದ್ದಾರೆ. ಐಐಟಿ ಕಾನ್ಪುರದ ಅರುಣ್ ಕುಮಾರ್ ಶುಕ್ಲಾ ಅವರ ತಂಡ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪಡೆದ ಈ ಚಿತ್ರಗಳು 2023ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದವು.

ಕೆಲಸ ಮುಗಿಸಿದ ರಿಸೆಪ್ಟರನ್ನು ಕೋಶ ಒಳಗೆ ಎಳೆದುಕೊಂಡುಬಿಡುತ್ತದೆ, ಅದೂ ಒಂದು ಬ್ರೇಕು. ಇನ್ನು ಸಿ5ಎಆರ್2 ಸ್ವಲ್ಪ ನಿಗೂಢ ಆಸಾಮಿ. ಅದು ಸಿ5ಎಯನ್ನು ಹಿಡಿಯುತ್ತದೆ, ಆದರೆ ಉಳಿದೆರಡರಂತೆ ಒಳಕ್ಕೆ ಮಾಮೂಲಿ ಸಂಕೇತ ಕಳಿಸುವುದಿಲ್ಲ. ಹೆಚ್ಚುವರಿ ಸಿ5ಎಯನ್ನು ಗುಡಿಸಿಕೊಳ್ಳುವ ಕಸದಬುಟ್ಟಿ ಎಂದು ಮೊದಲು ಅಂದುಕೊಂಡಿದ್ದರು. ಈಗ ಅದಕ್ಕೂ ಸ್ವಂತ ಕೆಲಸವಿದೆ ಎನ್ನುವವರಿದ್ದಾರೆ. ಜಗಳ ಇನ್ನೂ ತೀರಿಲ್ಲ.

ಗಂಟೆ ಎಲ್ಲ ಕಡೆ ಬಾರಿಸಿದಾಗ

ಕಾಲಿನ ಗಾಯದಲ್ಲಿ ಉಪಕಾರ ಮಾಡುವ ಇದೇ ವ್ಯವಸ್ಥೆ ಮೈಯೆಲ್ಲ ಒಟ್ಟಿಗೆ ಚುರುಕಾದರೆ ಚಿತ್ರವೇ ಬದಲಾಗುತ್ತದೆ. ಸೋಂಕು ರಕ್ತಕ್ಕೆ ಏರಿ ಅಂಗಾಂಗಗಳು ಕೈಕೊಡುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ‘ನಂಜೇರಿತು’ ಎಂದು ಹಳ್ಳಿಯಲ್ಲಿ ಹೇಳುವುದು ಎಷ್ಟೋ ಸಲ ಇದನ್ನೇ. ಆಗ ಸಿ5ಎ ಎಲ್ಲ ಕಡೆ ತುಂಬಿಕೊಳ್ಳುತ್ತದೆ. ಇಡೀ ಊರಿಗೇ ಒಗ್ಗರಣೆ ವಾಸನೆ ಹರಡಿದರೆ ಅಡುಗೆಮನೆ ಯಾವುದೆಂದು ಹೇಗೆ ಹುಡುಕುತ್ತೀರಿ? ನ್ಯೂಟ್ರೋಫಿಲ್‌ಗಳು ದಿಕ್ಕು ತಪ್ಪುತ್ತವೆ. ಅವುಗಳ ಮೈಮೇಲಿನ ಸಿ5ಎಆರ್1 ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾ ನುಂಗುವ ಶಕ್ತಿಯೂ ಕುಗ್ಗುತ್ತದೆ. ಒಂದು ಕಡೆ ರಕ್ತನಾಳಗಳು ಸೋರಿ ಬಿಪಿ ಬೀಳುತ್ತದೆ, ಇನ್ನೊಂದು ಕಡೆ ರೋಗಾಣುವನ್ನು ಕೊಲ್ಲುವವರೇ ಕೈಚೆಲ್ಲಿರುತ್ತಾರೆ. ಸೆಪ್ಸಿಸ್ ಬಂದ ಇಲಿಗಳಲ್ಲಿ ಸಿ5ಎಯನ್ನು ಆಂಟಿಬಾಡಿಯಿಂದ ತಡೆದಾಗ ಹೆಚ್ಚು ಇಲಿಗಳು ಬದುಕಿದ್ದನ್ನು 1990ರ ದಶಕದಲ್ಲೇ ಅಮೆರಿಕದ ವಿಜ್ಞಾನಿಗಳು ತೋರಿಸಿದ್ದರು. ಮನುಷ್ಯರಲ್ಲಿ ಸೆಪ್ಸಿಸ್‌ಗೆ ಅಂಥ ಔಷಧಿ ಇನ್ನೂ ರೂಢಿಗೆ ಬಂದಿಲ್ಲ. ಈಗಲೂ ಜೀವ ಉಳಿಸುವುದು ಬೇಗ ಕೊಟ್ಟ ಆಂಟಿಬಯೋಟಿಕ್, ಡ್ರಿಪ್ ಮತ್ತು ಐಸಿಯು ಆರೈಕೆ. ಗಾಯ ಅಥವಾ ಜ್ವರದ ಜೊತೆ ಏದುಸಿರು, ಬಡಬಡಿಕೆ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ನಮ್ಮ ರಾಜ್ಯದವರಿಗೆ ಇನ್ನೂ ಹತ್ತಿರದ ಉದಾಹರಣೆ ಡೆಂಗಿ. 2024ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಮಳೆಗಾಲ ಬಂತೆಂದರೆ ಪರಂಗಿ ಎಲೆ ರಸದ ಫಾರ್ವರ್ಡ್‌ಗಳ ಕಾಲವೂ ಹೌದು. ಆ ಸಂದೇಶಗಳ ಕಣ್ಣೆಲ್ಲ ಪ್ಲೇಟ್‌ಲೆಟ್ ಸಂಖ್ಯೆಯ ಮೇಲೆ. ಆದರೆ ಡೆಂಗಿಯಲ್ಲಿ ಜೀವಕ್ಕೆ ಎರವಾಗುವ ಮುಖ್ಯ ಸಂಗತಿ ಪ್ಲಾಸ್ಮಾ ಸೋರಿಕೆ, ಅಂದರೆ ರಕ್ತನಾಳದ ಗೋಡೆ ಸಡಿಲವಾಗಿ ರಕ್ತದ ದ್ರವ ಹೊಟ್ಟೆಗೆ, ಎದೆಗೂಡಿಗೆ ಇಳಿಯುವುದು. ಡೆಂಗಿ ಆಘಾತಕ್ಕೆ ಜಾರಿದ ಮಕ್ಕಳ ರಕ್ತದಲ್ಲಿ ಕಾಂಪ್ಲಿಮೆಂಟ್ ಖರ್ಚಾಗಿರುವುದನ್ನೂ ಸಿ3ಎ, ಸಿ5ಎ ಏರಿರುವುದನ್ನೂ ಥಾಯ್ಲೆಂಡಿನಲ್ಲಿ ನಡೆದ ಸಂಶೋಧನೆಗಳು ದಶಕಗಳ ಹಿಂದೆಯೇ ಗಮನಿಸಿದ್ದವು. ಸೋರಿಕೆಗೆ ಇದೊಂದೇ ಕಾರಣವಲ್ಲ. ವೈರಸ್ಸಿನ ಎನ್‌ಎಸ್1 ಪ್ರೊಟೀನ್ ಮತ್ತು ರೋಗನಿರೋಧಕ ಕೋಶಗಳ ಇತರ ಸಂಕೇತಗಳೂ ಅದರಲ್ಲಿ ಕೈಜೋಡಿಸುತ್ತವೆ.

ಈ ಸೋರಿಕೆ ಸಾಮಾನ್ಯವಾಗಿ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತು, ಇನ್ನು ಪರವಾಗಿಲ್ಲ ಎಂದು ಮನೆಯವರು ನಿಟ್ಟುಸಿರು ಬಿಡುವ ದಿನವೇ ಕಣ್ಣಿಡಬೇಕಾದ ದಿನ. ಸಹಿಸಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಇಲ್ಲವೇ ಚಡಪಡಿಕೆ ಇದ್ದರೆ ಪ್ಲೇಟ್‌ಲೆಟ್ ಎಷ್ಟೇ ಇರಲಿ, ಆಸ್ಪತ್ರೆಗೆ ಹೋಗಿ. ಸೋರಿಕೆಯ ಸುಳಿವು ಕೊಡುವ ಅಂಕಿ ರಕ್ತಪರೀಕ್ಷೆಯ ವರದಿಯಲ್ಲೇ ಇರುತ್ತದೆ. ಹೆಮಟೋಕ್ರಿಟ್ ಅಥವಾ ಪಿಸಿವಿ ಎಂದು ಬರೆದಿರುತ್ತಾರೆ, ಅದು ಏರುತ್ತ ಹೋದರೆ ರಕ್ತ ಗಟ್ಟಿಯಾಗುತ್ತಿದೆ ಎಂದರ್ಥ. ಪರಂಗಿ ರಸದಿಂದ ಪ್ಲೇಟ್‌ಲೆಟ್ ತುಸು ಏರಬಹುದು ಎನ್ನುವ ಸಣ್ಣಪುಟ್ಟ ಅಧ್ಯಯನಗಳಿವೆ. ಅದು ಸೋರಿಕೆ ತಡೆಯುತ್ತದೆ, ಜೀವ ಉಳಿಸುತ್ತದೆ ಎನ್ನುವುದಕ್ಕೆ ಪುರಾವೆಯಿಲ್ಲ. ಇನ್ನೊಂದು ಮಾತು. ‘ಉರಿಯೂತ ಇಳಿಸೋಣ’ ಎಂದು ಡೆಂಗಿ ಜ್ವರಕ್ಕೆ ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಲೇಬೇಡಿ, ರಕ್ತಸ್ರಾವ ಹೆಚ್ಚಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ವೈದ್ಯರು ಹೇಳಿದಷ್ಟೇ.

ಹಾಗಾದರೆ ರಿಸೆಪ್ಟರ್‌ಗಳನ್ನು ಮುಚ್ಚಿಬಿಡಬಾರದೇ?

ಔಷಧ ವಿಜ್ಞಾನಿಗಳೂ ಇದನ್ನೇ ಕೇಳಿಕೊಂಡರು. ಮೊದಲು ಬಂದದ್ದು ಸಿ5 ಒಡೆಯದಂತೆ ತಡೆಯುವ ಎಕುಲಿಜುಮ್ಯಾಬ್ ಎಂಬ ಇಂಜೆಕ್ಷನ್. ಕೆಂಪು ರಕ್ತಕಣಗಳು ತಮ್ಮದೇ ಕಾಂಪ್ಲಿಮೆಂಟಿಗೆ ಸಿಕ್ಕಿ ಒಡೆಯುವ ಒಂದು ಅಪರೂಪದ ಕಾಯಿಲೆಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆ ರೋಗಿಗಳಿಗೆ ಅದು ವರವೇ. ಆದರೆ ಸಿ5 ಒಡೆಯದಿದ್ದರೆ ಸಿ5ಎ ಜೊತೆಗೆ ಬ್ಯಾಕ್ಟೀರಿಯಾಕ್ಕೆ ತೂತು ಕೊರೆಯುವ ಕೆಲಸವೂ ನಿಲ್ಲುತ್ತದೆ. ಮಿದುಳು ಪೊರೆಯ ಸೋಂಕು ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದ ಹಾಗೆ. ಆದ್ದರಿಂದ ಈ ಔಷಧಿ ಕೊಡುವ ಮೊದಲು ಆ ಬ್ಯಾಕ್ಟೀರಿಯಾ ವಿರುದ್ಧ ಲಸಿಕೆ ಹಾಕಿಸುತ್ತಾರೆ. ಇಮ್ಯುನಿಟಿಯ ಒಂದು ಕೊಂಡಿ ಕಳಚಿದರೂ ತೆರಬೇಕಾದ ಬೆಲೆ ಇದು.

ಸಿ5 ಒಡೆಯಲಿ, ತೂತು ಕೊರೆಯುವ ಕೆಲಸ ನಡೆಯಲಿ, ಸಿ5ಎ ಮಾತ್ರ ನ್ಯೂಟ್ರೋಫಿಲ್‌ಗೆ ಕೇಳಿಸದಿರಲಿ ಎಂಬ ಜಾಣ ಯೋಚನೆಯಿಂದ ಹುಟ್ಟಿದ್ದು ಅವಾಕೊಪ್ಯಾನ್ ಎಂಬ ಕ್ಯಾಪ್ಸೂಲ್. ಅದು ಸಿ5ಎಆರ್1ಗೆ ಬೀಗ ಹಾಕುತ್ತದೆ. ಎಎನ್‌ಸಿಎ ವ್ಯಾಸ್ಕ್ಯುಲೈಟಿಸ್ ಎಂಬ ಕಾಯಿಲೆಯಲ್ಲಿ ಸಿ5ಎಯಿಂದ ಕೆರಳಿದ ನ್ಯೂಟ್ರೋಫಿಲ್‌ಗಳು ಕಿಡ್ನಿಯ, ಶ್ವಾಸಕೋಶದ ಸಣ್ಣ ರಕ್ತನಾಳಗಳನ್ನೇ ಕಚ್ಚಿ ಹಾಳುಮಾಡುತ್ತವೆ. ಅದರ ತೀವ್ರ ರೂಪಕ್ಕೆ ಇತರ ಔಷಧಿಗಳ ಜೊತೆಯಲ್ಲಿ ಕೊಡಲು 2021ರಲ್ಲಿ ಅಮೆರಿಕದ ಎಫ್‌ಡಿಎ ಅನುಮತಿ ನೀಡಿತು. ಸ್ಟೀರಾಯ್ಡ್ ಪ್ರಮಾಣ ತಗ್ಗಿಸಬಹುದೆಂಬುದು ಅದರ ಆಕರ್ಷಣೆ. ಲಿವರಿಗೆ ಪೆಟ್ಟು ಬೀಳಬಹುದೆಂಬ ಎಚ್ಚರಿಕೆಯೂ ಅದರ ಜೊತೆಗಿದೆ. 2023ರಲ್ಲಿ ವೆಂಟಿಲೇಟರ್ ಹಂತ ತಲುಪಿದ ಕೋವಿಡ್ ರೋಗಿಗಳಿಗೆಂದು ಸಿ5ಎಯನ್ನೇ ಹಿಡಿದುಹಾಕುವ ವಿಲೊಬೆಲಿಮ್ಯಾಬ್‌ಗೆ ಅಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು.

ಇವನ್ನು ಓದಿ ‘ನೋಡಿ, ಮುಚ್ಚಿದರೆ ಗುಣವಾಗುತ್ತದೆ’ ಎನ್ನುವ ಆತುರ ಬೇಡ. ಸಂಧಿವಾತದಲ್ಲಿ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ, ಊದಿದ ಕೀಲಿನ ನೀರಿನಲ್ಲೂ ಸಿ5ಎ ಇರುತ್ತದೆ. ಹಾಗಾಗಿ ಸಿ5ಎಆರ್1ಗೆ ಬೀಗ ಹಾಕುವ ಮತ್ತೊಂದು ಔಷಧಿಯನ್ನು ಆ ರೋಗಿಗಳಿಗೆ ಕೊಟ್ಟು ನೋಡಿದ್ದರು. ಕೀಲಿನ ಉರಿಯೂತ ಇಳಿಯಲಿಲ್ಲ. ಆ ರಿಸೆಪ್ಟರ್‌ಗೆಂದೇ ಅಳತೆ ತೆಗೆದು ಹೊಲಿದ ಔಷಧಿಯ ಕಥೆಯೇ ಹೀಗಿರುವಾಗ, ಒಂದು ಲೋಟ ಕಷಾಯ ಗಂಟಲಿನಿಂದ ಇಳಿದು, ಜೀರ್ಣವಾಗಿ, ಲಿವರ್ ದಾಟಿ, ನೇರ ಮಂಡಿಗೆ ಹೋಗಿ ಅದೇ ರಿಸೆಪ್ಟರ್ ಹುಡುಕಿ ಮುಚ್ಚುತ್ತದೆ ಎನ್ನುವುದನ್ನು ನಂಬುವುದಾದರೂ ಹೇಗೆ? ಸಾರಿಗೆ, ಹಾಲಿಗೆ ಹಾಕುವ ಅರಿಶಿನದ ಬಗ್ಗೆ ನಮ್ಮ ತಕರಾರಿಲ್ಲ. ಅದರ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹೆಚ್ಚು ಸೇರಲೆಂದು ಮೆಣಸಿನ ಸಾರ ಬೆರೆಸಿದ ಭಾರಿ ಡೋಸಿನ ಮಾತ್ರೆಗಳಿಂದ ಕೆಲವರಿಗೆ ಲಿವರ್ ತೊಂದರೆಯಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ.

ಲಿವರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಲಿವರಿನ ಒಂದು ಭಾಗ ಕತ್ತರಿಸಿದರೂ ಅದು ಮತ್ತೆ ಬೆಳೆಯುತ್ತದೆ ಎಂದು ಕೇಳಿರುತ್ತೀರಿ. ಸಿ3 ಇಲ್ಲದ ಅಥವಾ ಸಿ5ಎಯ ಸಂಕೇತ ಸಿಗದ ಇಲಿಗಳಲ್ಲಿ ಈ ಬೆಳವಣಿಗೆ ಕುಂಠಿತವಾಗುತ್ತದೆ. ಫಾರ್ವರ್ಡ್‌ನವರು ಟಾಕ್ಸಿನ್ ಎಂದು ತೊಳೆಯಹೊರಟ ವಸ್ತುವೇ ಅಲ್ಲಿ ದುರಸ್ತಿಗೆ ಬೇಕಾಗಿತ್ತು.

ಲ್ಯಾಬ್ ರಿಪೋರ್ಟಿನ ಸಿ3, ಸಿ4

ಕೊನೆಗೆ ಹಲವರು ಕೇಳುವ ಪ್ರಶ್ನೆ. ಕಿಡ್ನಿ ತೊಂದರೆ, ಲೂಪಸ್ ಮುಂತಾದ ಅನುಮಾನವಿದ್ದಾಗ ವೈದ್ಯರು ಸಿ3, ಸಿ4 ಪರೀಕ್ಷೆ ಬರೆದುಕೊಡುತ್ತಾರೆ. ಸಿ3 ಕಡಿಮೆ ಬಂದರೆ ‘ಇಮ್ಯುನಿಟಿ ಕಡಿಮೆ’ ಎಂದು ತಿಳಿದು ಬೂಸ್ಟರ್ ಪುಡಿ ಕೊಳ್ಳುವವರಿದ್ದಾರೆ. ಎಷ್ಟೋ ಸಲ ಅರ್ಥ ಉಲ್ಟಾ ಇರುತ್ತದೆ. ದೇಹದಲ್ಲಿ ಎಲ್ಲೋ ಕಾಂಪ್ಲಿಮೆಂಟ್ ವಿಪರೀತ ಕೆಲಸ ಮಾಡಿ ಸಿ3 ಒಡೆದು ಖರ್ಚಾಗಿದೆ. ಗಂಟಲು ಅಥವಾ ಚರ್ಮದ ಸೋಂಕಾದ ಕೆಲವು ವಾರಗಳಿಗೆ ಮಕ್ಕಳ ಮುಖ ಊದಿ, ಮೂತ್ರ ಕೋಲಾದ ಬಣ್ಣಕ್ಕೆ ತಿರುಗುವ ಕಿಡ್ನಿ ಉರಿಯೂತದಲ್ಲಿ ಸಿ3 ಹೀಗೆ ಇಳಿಯುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ತಾನಾಗಿ ಮೇಲೇರುತ್ತದೆ. ಏರದಿದ್ದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ಹಾಗಾಗಿ ಎರಡನೇ ಸಲದ ಪರೀಕ್ಷೆಯನ್ನು ತಪ್ಪಿಸಬೇಡಿ.

ಸಿ3ಎ, ಸಿ5ಎಗಳನ್ನೇ ನೇರವಾಗಿ ಅಳೆಯುವುದು ಮಾತ್ರ ಮಾಮೂಲಿ ಲ್ಯಾಬಿನ ಕೆಲಸವಲ್ಲ. ರಕ್ತವನ್ನು ಸಿರಿಂಜಿಗೆ ಎಳೆದ ಮೇಲೂ ಕಾಂಪ್ಲಿಮೆಂಟ್ ಸುಮ್ಮನಿರುವುದಿಲ್ಲ, ಟ್ಯೂಬಿನೊಳಗೇ ಒಡೆಯುತ್ತ ಹೋಗುತ್ತದೆ. ಅದನ್ನು ತಡೆಯುವ ಇಡಿಟಿಎ ಇರುವ ಟ್ಯೂಬಿಗೆ ರಕ್ತ ತೆಗೆದು, ತಕ್ಷಣ ಮಂಜುಗಡ್ಡೆಯಲ್ಲಿಟ್ಟು, ಬೇಗ ಪ್ಲಾಸ್ಮಾ ಬೇರ್ಪಡಿಸಿ ಶೈತ್ಯೀಕರಿಸದಿದ್ದರೆ ಬರುವ ಅಂಕಿ ರೋಗಿಯದ್ದಲ್ಲ, ಟ್ಯೂಬಿನದ್ದು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ‘ನಿಮ್ಮ ಟಾಕ್ಸಿನ್ ಲೆವೆಲ್ ಇಷ್ಟಿದೆ’ ಎಂದು ಕಾರ್ಡು ಬರೆದುಕೊಡುವ ಶಿಬಿರಗಳಲ್ಲಿ ಅಳೆಯುವುದು ಏನೇ ಇರಲಿ, ಇದನ್ನಂತೂ ಅಲ್ಲ.